ಲಂಬಾಣಿ ನುಡಿಯ ಸ್ಥಾನ: ಒಂದು ವಿಚಾರ

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ತಾಂಡಗಳಲ್ಲಿ ಮನೆಮಾತಾಗಿರುವ ಲಂಬಾಣಿಯನ್ನು ಸ್ವತಂತ್ರ ಭಾಷೆಯೆನ್ನಬೇಕೇ, ಹಿಂದಿಯ ಒಂದು ಪ್ರಭೇದವೆನ್ನಬೇಕೇ ಎಂಬ ಪ್ರಶ್ನೆ ಮೇಲುನೋಟಕ್ಕೆ ಬರಿಯ ಹೆಸರಿನ ವಿವಾದವೆಂದು ತೋರಬಹುದು. 2011ರ ಜನಗಣತಿಯ ಭಾಷಾಪಟ್ಟಿಯನ್ನು ನೋಡಿದವರಿಗೆ ಹಾಗೆ ತೋರದು. ದೇಶದಲ್ಲಿ ಲಂಬಾಣಿಯನ್ನು ಮಾತೃಭಾಷೆಯೆಂದು ಹೇಳಿದವರು 32 ಲಕ್ಷಕ್ಕೂ ಹೆಚ್ಚು; ಬಂಜಾರಿಯೆಂದು ಹೇಳಿದವರು 15 ಲಕ್ಷಕ್ಕೂ ಹೆಚ್ಚು. ಈ ಎರಡು ಸಂಖ್ಯೆಗಳೂ ಹಿಂದಿಯ ಮೊತ್ತದೊಳಗೆ ಸೇರಿಹೋಗಿವೆ. ಈ ಸೇರ್ಪಡೆ ಎಷ್ಟರಮಟ್ಟಿಗೆ ಶಾಸ್ತ್ರಸಮ್ಮತವೆಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಹೇರೆತ್ತುಗಳ ಮೇಲೆ ಉಪ್ಪು ಧಾನ್ಯಗಳನ್ನು ಸಾಗಿಸುತ್ತ ದಕ್ಷಿಣಕ್ಕೆ ಬಂದ ಈ ಜನರು, ರಸ್ತೆ ಮತ್ತು ರೈಲುಮಾರ್ಗಗಳಿಂದ ಆ ವೃತ್ತಿ ಅಳಿದ ಮೇಲೆ ನೆಲೆನಿಂತು ತಾಂಡಗಳನ್ನು ಕಟ್ಟಿಕೊಂಡರು. ವೃತ್ತಿ ಹೋದರೂ ನುಡಿ ಉಳಿಯಿತು. ಗ್ರಿಯರ್‌ಸನ್ನರು ಭಾರತೀಯ ಭಾಷಾ ಸಮೀಕ್ಷೆಯ 9ನೆಯ ಸಂಪುಟದ 3ನೆಯ ಭಾಗದಲ್ಲಿ (1907) ಅದನ್ನು ಭಿಲ್ಲರ ನುಡಿಗಳ ಜೊತೆಗಿಟ್ಟು ವಿವರಿಸಿ, ಅದರ ನಂಟು ರಾಜಸ್ಥಾನಿ, ಗುಜರಾತಿಗಳ ಕಡೆಗಿರುವುದನ್ನು ತೋರಿಸಿದರು. ಈ ನಂಟು ಇಂದಿಗೂ ಸ್ಪಷ್ಟವಾಗಿದೆ. ಹಿಂದಿಯ ‘ಘೋಡಾ’ ಇಲ್ಲಿ ‘ಘೋಡೋ’. ‘ಮೇರಾ’ ಎಂಬುದಕ್ಕೆ ‘ಮಾರೋ’. ‘ಹೈ’ ಎಂಬಲ್ಲಿ ‘ಛ’. ಗುಜರಾತಿಯಲ್ಲಿಯೂ ‘ಘೋಡೋ’, ‘ಮಾರೋ’, ‘ಛೆ’ ಎಂದೇ ಇದೆ. ವಂಶಸಾಮ್ಯವೊಂದೇ ಹಿಂದಿಯೊಳಗೆ ಸೇರಿಸುವುದಕ್ಕೆ ಆಧಾರವಾದರೆ ಗುಜರಾತಿಯನ್ನೂ ಸೇರಿಸಬೇಕಾದೀತು. ಹಾಗೆ ಮಾಡಲು ಯಾರೂ ಒಪ್ಪರು. ಆದಕಾರಣ ಇಲ್ಲಿ ನಿರ್ಣಾಯಕವಾದುದು ವ್ಯಾಕರಣವಲ್ಲ, ಆಡುವವರ ಪ್ರಾಬಲ್ಯವೆಂದು ಹೇಳಬೇಕಾಗಿದೆ.

ವರ್ಗೀಕರಣ ಬೇರೆ, ಗಣನೆ ಬೇರೆ ಎಂಬುದಕ್ಕೆ ಹೊರಗಿನ ಒಂದು ನಿದರ್ಶನವನ್ನು ನೋಡಬಹುದು. ಲಂಬಾಣಿಯ ವ್ಯಾಕರಣವನ್ನು 1970ರಲ್ಲಿ ಪ್ರಕಟಿಸಿದ ರೊನಾಲ್ಡ್ ಟ್ರೇಲ್ ಅವರೂ, ಫಿಲಿಪ್ಪೀನ್ಸಿನ ಮಿಂಡನಾವೊ ದ್ವೀಪದ ಮೂಲನಿವಾಸಿಗಳ ಮನೋಬೊ ನುಡಿಗಳನ್ನು ಅಭ್ಯಸಿಸಿದ ರಿಚರ್ಡ್ ಎಲ್ಕಿನ್ಸ್ ಅವರೂ ಒಂದೇ ಭಾಷಾಸಂಸ್ಥೆಯ ವಿದ್ವಾಂಸರು. ಎಲ್ಕಿನ್ಸರು 1968ರಲ್ಲಿ ಪಶ್ಚಿಮ ಬುಕಿಡ್ನಾನ್ ಮನೋಬೊ ನುಡಿಗೆ ನಿಘಂಟನ್ನು ರಚಿಸಿದರು. 1974ರಲ್ಲಿ ಆ ಗುಂಪಿನ ನುಡಿಗಳೆಲ್ಲಕ್ಕೂ ಮೂಲವಾದ ನುಡಿಯ ಸ್ವರೂಪವನ್ನು ಊಹಿಸಿ ಕೊಟ್ಟರು. ಅಲ್ಲಿ ಮನೋಬೊ ಎಂಬುದು ಕುಲದ ಹೆಸರು. ಅದರೊಳಗಿನ ನುಡಿಗಳು ತಮ್ಮತಮ್ಮ ಹೆಸರುಗಳನ್ನು ಕಳೆದುಕೊಂಡಿಲ್ಲ. ನಮ್ಮ ಪಟ್ಟಿಯಲ್ಲಾದರೋ ಕುಲದ ಹೆಸರೂ ಅಲ್ಲದ ಒಂದು ಪ್ರಬಲ ಭಾಷೆಯ ಹೆಸರೇ ಉಳಿದವುಗಳಿಗೆ ಹೊದಿಕೆಯಾಗಿದೆ.

ಇದರ ಫಲವನ್ನು ಉಣ್ಣುವವರು ಮಕ್ಕಳು. ತರೀಕೆರೆಯ ತಾಂಡದ ಮಗು ತಾಯಿಯನ್ನು ‘ಯಾಡಿ’ ಎಂದು ಕರೆಯುತ್ತ ಬೆಳೆದು, ಸಂತೆಯಲ್ಲಿಯೂ ಶಾಲೆಯಲ್ಲಿಯೂ ಕನ್ನಡವನ್ನು ಕಲಿಯುತ್ತದೆ. ಹಿಂದಿ ಅದಕ್ಕೆ ಪಠ್ಯಪುಸ್ತಕದ ಮೂರನೆಯ ಭಾಷೆ. ಪಟ್ಟಿಯ ಪ್ರಕಾರ ಅದು ತನ್ನ ಮಾತೃಭಾಷೆಯನ್ನೇ ಪರಭಾಷೆಯಂತೆ ಕಲಿಯುತ್ತಿದೆ ಎಂದಾಗುತ್ತದೆ!

ದೋಷವನ್ನು ಗಣತಿಯ ಮೇಲೆ ಮಾತ್ರ ಹೊರಿಸುವುದೂ ನ್ಯಾಯವಲ್ಲ. ಮದುವಣಗಿತ್ತಿ ತವರನ್ನು ಬಿಡುವಾಗ ಅಳುತ್ತ ಹಾಡುವ ‘ಢಾವಲೋ’ವನ್ನು ನಾವು ಕನ್ನಡದ ಸಾರಾಂಶದಲ್ಲಿ ಓದಿ ತೃಪ್ತರಾದರೆ, ಹಾಡಿನ ವಿಷಯ ತಿಳಿದೀತು, ಅಳುವೂ ರಾಗವೂ ಒಂದಾಗುವ ಆ ಎಳೆತ ತಿಳಿಯದು. ಮೂಲವನ್ನು ಬರೆದಿಡಲು ಲಿಪಿಯಿಲ್ಲವೆಂಬ ನೆಪ ನಿಲ್ಲುವುದಿಲ್ಲ. ನಮ್ಮ ಆಡುಮಾತಿನಲ್ಲಿ ಬಹುಮಟ್ಟಿಗೆ ಸವೆದುಹೋದ ಘ, ಛ, ಢ ಮೊದಲಾದ ಮಹಾಪ್ರಾಣಗಳು ಲಂಬಾಣಿಯಲ್ಲಿ ಜೀವಂತವಾಗಿವೆ. ಅವುಗಳಿಗೆ ಬೇಕಾದ ಅಕ್ಷರಗಳು ಕನ್ನಡದಲ್ಲಿ ಸಿದ್ಧವಾಗಿವೆ.

ಈ ಮೂರು ಊರುಗಳ ಕಾಲೇಜುಗಳಲ್ಲಿ ಓದುವ ತಾಂಡದ ವಿದ್ಯಾರ್ಥಿಗಳಿಂದಲೇ ಈ ಕೆಲಸ ಆರಂಭವಾಗುವುದು ಯುಕ್ತವೆಂದು ನಮಗೆ ತೋರುತ್ತದೆ. ಅವರು ನಮಗೆ ಪದಗಳನ್ನು ಒದಗಿಸುವ ಸಾಕ್ಷಿಗಳಾಗಿ ಉಳಿಯದೆ, ತಮ್ಮ ನುಡಿಯ ವೈಯಾಕರಣರಾಗಬೇಕು. ಮುಂದಿನ ಗಣತಿಯ ಪಟ್ಟಿ ತಿದ್ದುಪಡಿಯಾಗುವುದೋ ಇಲ್ಲವೋ, ಅಷ್ಟರಲ್ಲಿ ನಮ್ಮ ತರಗತಿಗಳಾದರೂ ಆ ನುಡಿಯನ್ನು ಅದರ ಹೆಸರಿನಿಂದ ಕರೆಯುವಂತಾಗಲಿ.