ಪಣದ ಯುದ್ಧ ಮತ್ತು ತ್ರಿವಿಧ ಯುದ್ಧ

ಯುದ್ಧಕ್ಕೆ ನಿಯಮವನ್ನು ವಿಧಿಸಿದೊಡನೆ ಅದರ ಹಿಂಸೆ ತಗ್ಗುವುದೇ, ಇಲ್ಲವೇ ಹಿಂಸೆಗೊಂದು ಮರ್ಯಾದೆಯ ಉಡುಪು ದೊರೆಯುವುದೇ ಎಂಬ ಪ್ರಶ್ನೆ ನಮ್ಮ ಪುರಾಣಕಾರರಿಗೆ ಹೊಸದೇನಲ್ಲ. ಆದರೆ ಅದು ಈಗ ಅನಿರೀಕ್ಷಿತವಾದ ದಿಕ್ಕಿನಿಂದ ನಮ್ಮ ಮನೆಗಳನ್ನು ಪ್ರವೇಶಿಸಿದೆ. ಉದ್ಯೋಗನಿಮಿತ್ತ ಮಹಾನಗರಗಳಿಗೂ ವಿದೇಶಗಳಿಗೂ ತೆರಳಿದ ನಮ್ಮ ತರುಣರಲ್ಲಿ ಕೆಲವರು ಯಂತ್ರಯೋಧರ ಯುದ್ಧಕ್ರೀಡೆಗಳಲ್ಲಿ ಆಸಕ್ತರಾಗಿದ್ದಾರೆ. ಅವುಗಳಲ್ಲಿ ಪ್ರಸಿದ್ಧವಾದುದು 1984ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಬ್ಯಾಟಲ್‌ಟೆಕ್’. ಷಟ್ಕೋನದ ಮನೆಗಳುಳ್ಳ ಪಟದ ಮೇಲೆ 20ರಿಂದ 100 ಟನ್ ತೂಕದ ನಡೆದಾಡುವ ದೈತ್ಯಯಂತ್ರಗಳನ್ನು ಕಲ್ಪಿಸಿಕೊಂಡು, ದಾಳ ಹಾಕಿ ಹೋರಾಡಿಸುವ ಆಟವಿದು. ಆಟವೆಂದು ಇದನ್ನು ತಳ್ಳಿಹಾಕುವ ಹಿರಿಯರು ಇದರೊಳಗಿನ ಕಥಾಲೋಕವನ್ನೂ ಒಮ್ಮೆ ನೋಡಬೇಕು. ಅಲ್ಲಿ ‘ಕ್ಲ್ಯಾನ್’ಗಳೆಂಬ ಯೋಧಕುಲಗಳಿವೆ, ವಿಮರ್ಶೆಗೆ ಅರ್ಹವಾದ ವಸ್ತು ಅವುಗಳೇ.

ಈ ಕುಲಗಳಲ್ಲಿ ಯೋಧವರ್ಗವೇ ಶ್ರೇಷ್ಠ. ಶ್ರೇಷ್ಠ ಯೋಧರು ತಾಯಿಯ ಗರ್ಭದಲ್ಲಿ ಅಲ್ಲ, ಯಂತ್ರಗರ್ಭದಲ್ಲಿ ಜನಿಸುತ್ತಾರೆ. ಗೌರವದ ಕುಲನಾಮವನ್ನು ದ್ವಂದ್ವದಲ್ಲಿ ಗೆದ್ದೇ ಪಡೆಯಬೇಕು. ದಾಳಿಗೆ ಮುನ್ನ ಎದುರಾಳಿಗೆ ಸವಾಲನ್ನು ಕಳುಹಿ, ಅವನ ಬಲವೆಷ್ಟೆಂದು ಕೇಳಿ, ಅನಂತರ ತಮ್ಮ ತಮ್ಮಲ್ಲೇ ಇಳಿಹರಾಜು ನಡೆಸುತ್ತಾರೆ. ಅತ್ಯಲ್ಪ ಬಲದಿಂದ ಗೆಲ್ಲುವೆನೆಂದು ಪಣವಿಟ್ಟವನಿಗೆ ದಾಳಿಯ ಅಧಿಕಾರ. ರಣದಲ್ಲಿಯೂ ಒಬ್ಬನಿಗೊಬ್ಬನೇ. ಮಧ್ಯೆ ಮೂರನೆಯವನು ಕೈಹಾಕಿದರೆ ನಿಯಮಭಂಗ. ವ್ಯರ್ಥವ್ಯಯ ಅವರಿಗೆ ಪಾಪಸಮಾನ. ಮೇಲ್ನೋಟಕ್ಕೆ ಇದು ಎಷ್ಟು ಆಕರ್ಷಕ!

ಆದಿಪುರಾಣವನ್ನು ಬಲ್ಲ ಓದುಗನಿಗೆ ಇಲ್ಲಿ ತಕ್ಷಣ ಒಂದು ಸಾದೃಶ್ಯ ಹೊಳೆಯುತ್ತದೆ. ಭರತ ಬಾಹುಬಲಿಗಳ ಸೇನೆಗಳು ಎದುರುಬದುರಾದಾಗ ಮಂತ್ರಿಗಳು ತಡೆದುದು ಇದೇ ಬಗೆಯ ವಿಚಾರದಿಂದ. ಇವರಿಬ್ಬರೂ ಚರಮಶರೀರಿಗಳು, ಇವರಿಗೆ ಕೇಡಿಲ್ಲ. ವ್ಯರ್ಥವಾಗಿ ಸಾಯುವವರು ಸೈನಿಕರು. ಆದುದರಿಂದ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಿಂದಲೇ ನಿರ್ಣಯವಾಗಲಿ ಎಂದರು. ಜಿನಸೇನಾಚಾರ್ಯರಲ್ಲಿರುವ ಈ ಪ್ರಸಂಗವನ್ನು ಪಂಪ ತನ್ನ ಕನ್ನಡ ಆದಿಪುರಾಣದಲ್ಲಿ 10ನೆಯ ಶತಮಾನದಲ್ಲಿ ಹೇಳಿದ್ದಾನೆ. ಬಲವನ್ನು ಕುಗ್ಗಿಸುವುದು ಎರಡೂ ಕಡೆ ಇದೆ. ಆದರೆ ಏಕೆ ಕುಗ್ಗಿಸಬೇಕೆಂಬ ಕಾರಣದಲ್ಲಿ ಅಜಗಜಾಂತರವಿದೆ. ಮಂತ್ರಿಗಳ ಮನಸ್ಸಿನಲ್ಲಿ ಇದ್ದುದು ಸೈನಿಕನ ಪ್ರಾಣ. ಕ್ಲ್ಯಾನ್ ಯೋಧನ ಮನಸ್ಸಿನಲ್ಲಿ ಇರುವುದು ತನ್ನ ಕೀರ್ತಿ: ಕಡಿಮೆ ಬಲದಿಂದ ಗೆದ್ದೆನೆಂಬ ಹೆಮ್ಮೆ, ಜೊತೆಗಾರನನ್ನು ಹರಾಜಿನಲ್ಲಿ ಸೋಲಿಸಿದೆನೆಂಬ ಹೆಮ್ಮೆ. ನಮ್ಮ ಪರಿಭಾಷೆಯಲ್ಲಿ ಇದು ಮಾನಕಷಾಯ. ಮಾನದಿಂದ ಹುಟ್ಟಿದ ಸಂಯಮವು ಮಾನಕ್ಕೆ ಪೆಟ್ಟು ಬಿದ್ದೊಡನೆ ಮುರಿಯುತ್ತದೆ.

ಆ ಕಥಾಲೋಕದ ಕರ್ತೃಗಳು ಇದನ್ನು ಅರಿಯದವರಲ್ಲವೆಂಬುದು ಅವರ ಹೆಗ್ಗಳಿಕೆ. ‘ಸ್ಮೋಕ್ ಜಾಗ್ವಾರ್’ ಎಂಬ ಕುಲ, ತಾನು ಗೆದ್ದ ಲೋಕವೊಂದರಲ್ಲಿ ಸೆರೆಯಾಳೊಬ್ಬನು ತಪ್ಪಿಸಿಕೊಂಡು ಜನ ತಿರುಗಿಬಿದ್ದಾಗ, ಆಕಾಶನೌಕೆಯಿಂದ ಎಡೋ ಎಂಬ ಇಡೀ ನಗರವನ್ನೇ ಸುಟ್ಟುಬಿಡುತ್ತದೆ. ಅಲ್ಲಿ ಸವಾಲಿಲ್ಲ, ಪಣವಿಲ್ಲ, ದ್ವಂದ್ವವಿಲ್ಲ. ಗೃಹಸ್ಥನಿಗೆ ವಿರೋಧೀ ಹಿಂಸೆ ಅನಿವಾರ್ಯವಾಗಬಹುದೆಂದು ಒಪ್ಪುವ ಶ್ರಾವಕಾಚಾರವೂ ಸಂಕಲ್ಪೀ ಹಿಂಸೆಯನ್ನು ಎಂದಿಗೂ ಒಪ್ಪದು. ಎಡೋ ದಹನವು ಶುದ್ಧ ಸಂಕಲ್ಪೀ ಹಿಂಸೆ. ಇತರ ಕುಲಗಳೂ ಅದನ್ನು ಮೆಚ್ಚಲಿಲ್ಲವೆಂದು ಕಥೆ ಹೇಳುತ್ತದೆ. ಆದರೆ ಅವರು ಮರುದಿನವೇ ಮತ್ತೊಂದು ಪಣಕ್ಕೆ ಕುಳಿತರಲ್ಲ, ಆಟದ ದೌರ್ಬಲ್ಯವಿರುವುದು ಅಲ್ಲಿಯೇ. ಯುದ್ಧ ಹೇಗೆ ನಡೆಯಬೇಕೆಂದು ಅಷ್ಟು ಸೂಕ್ಷ್ಮವಾಗಿ ಯೋಚಿಸಿದ ಆ ಕುಲಗಳು ಯುದ್ಧ ಯಾರಿಗಾಗಿ ಎಂದು ಕೇಳಿಕೊಳ್ಳುವುದು ಬಹು ಅಪರೂಪ.

ಈ ಬಗೆಯ ಯೋಧಸಂಸ್ಕೃತಿಯನ್ನು ಕಾಣಲು ನಾವು ದೂರದ ನಕ್ಷತ್ರಗಳಿಗೆ ಹೋಗಬೇಕಾಗಿಲ್ಲ. 16ನೆಯ ಶತಮಾನದಲ್ಲಿ ವಿಜಯನಗರವನ್ನು ವರ್ಣಿಸಿದ ಪೋರ್ಚುಗೀಸ್ ವ್ಯಾಪಾರಿ ನೂನಿಜ್, ಅಲ್ಲಿ ದ್ವಂದ್ವಯುದ್ಧ ಮಾಡುವವರಿಗೆ ಮಹಾಗೌರವವಿತ್ತೆಂದೂ, ಮಂತ್ರಿಯ ಅಪ್ಪಣೆ ಪಡೆದೇ ಹೋರಾಡಬೇಕಿತ್ತೆಂದೂ, ಸತ್ತವನ ಆಸ್ತಿ ಉಳಿದವನಿಗೆ ಸೇರುತ್ತಿತ್ತೆಂದೂ ಬರೆದಿದ್ದಾನೆ. ಹಂಪಿಯ ಬೀದಿಗಳಲ್ಲಿ ನಡೆಯುವಾಗ ನೆನಪಿಡಬೇಕಾದ ಮಾತು.

ಅದಕ್ಕೂ ಎರಡು ಶತಮಾನ ಹಿಂದೆ, ಇದೇ ಸೀಮೆಯ ಕಂಪಿಲರಾಯನ ಕಥೆ ಇನ್ನೂ ಜಟಿಲವಾದುದು. ದೆಹಲಿಯ ಮುಹಮ್ಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದ ಬಹಾವುದ್ದೀನ್ ಗುರ್ಶಾಸ್ಪನು ಶರಣುಬಂದಾಗ ಕಂಪಿಲನು ಅವನನ್ನು ಒಪ್ಪಿಸಲಿಲ್ಲ. 1327ರ ಸುಮಾರಿಗೆ ರಾಜ್ಯವೇ ಅಳಿಯಿತು. ಸೋಲು ಖಚಿತವಾದಾಗ ಆತ ಅತಿಥಿಯನ್ನು ಹೊಯ್ಸಳರಲ್ಲಿಗೆ ಸಾಗಹಾಕಿ, ತಾನು ಹೋರಾಡಿ ಮಡಿದನು. ಶರಣಾಗತನ ರಕ್ಷಣೆಗಾಗಿ ನಡೆದ ಈ ಯುದ್ಧವನ್ನು ವಿರೋಧೀ ಹಿಂಸೆಯೆಂದು ಕರೆಯಲು ಯಾರಿಗೂ ಸಂಕೋಚವಾಗದು. ಅವನ ಮಗ ಕುಮಾರರಾಮನನ್ನು ನಂಜುಂಡ ಕವಿಯ ಸಾಂಗತ್ಯವು ‘ಪರನಾರೀಸೋದರ’ನೆಂದು ಹಾಡಿದೆ. ಮಲತಾಯಿಯ ಮೋಹವನ್ನು ನಿರಾಕರಿಸಿ ತಂದೆಯಿಂದಲೇ ಮರಣದಂಡನೆಗೆ ಗುರಿಯಾಗಿ, ಮಂತ್ರಿ ಬೈಚಪ್ಪನ ಯುಕ್ತಿಯಿಂದ ಉಳಿದ ವೀರನವನು. ಕೊನೆಗೆ ಮಾತಂಗಿಯೆಂಬ ಹೆಣ್ಣು ಸೇನಾನಿ ಎದುರಾದಾಗ ಹೆಣ್ಣಿನ ಮೇಲೆ ಕೈಮಾಡಲೊಲ್ಲದ ಅವನ ವ್ರತವೇ ಅವನಿಗೆ ಮುಳುವಾಗುತ್ತದೆ. ಕ್ಲ್ಯಾನ್ ಯೋಧನ ನಿಯಮ ಕೀರ್ತಿಯನ್ನು ತರುವುದಕ್ಕೆ. ರಾಮನ ನಿಯಮ ಪ್ರಾಣವನ್ನೇ ಕೇಳಿತು, ಅವನು ಕೊಟ್ಟನು.

ಇಷ್ಟಾದರೂ ಕಾವ್ಯ ಹಾಡಿದಷ್ಟು ಸುಲಭವಾಗಿ ನಾವು ಕೈಮುಗಿಯಲಾರೆವು. ಕಂಪಿಲನ ಅಂತ್ಯವನ್ನು ಹೇಳುವ ಇಬ್ನ್ ಬತೂತ, ರಣಕ್ಕೆ ಹೊರಡುವ ಮುನ್ನ ರಾಜನು ಅಗ್ನಿಕುಂಡವನ್ನು ಉರಿಸಿದನೆಂದೂ, ರಾಜಮನೆತನದ ಸ್ತ್ರೀಯರು ಅದನ್ನು ಪ್ರವೇಶಿಸಿದರೆಂದೂ ಬರೆದಿದ್ದಾನೆ. ಪುರುಷರ ಮಾತಿನ ನಿಷ್ಠೆಗೆ ಮೊದಲ ಬೆಲೆ ತೆತ್ತವರು ಅವರು. ಯಾವುದೇ ವೀರಧರ್ಮವನ್ನು ಅಳೆಯುವಾಗ ನಾನು ಕೇಳುವ ಪ್ರಶ್ನೆ ಇದೊಂದೇ: ಅದರ ವೆಚ್ಚ ಯಾರ ಲೆಕ್ಕಕ್ಕೆ ಬಿತ್ತು? ಎಡೋದಲ್ಲಿ ನಾಗರಿಕರ ಲೆಕ್ಕಕ್ಕೆ. ಕಂಪಿಲಿಯಲ್ಲಿ ಯೋಧರ ಜೊತೆಗೆ ಸ್ತ್ರೀಯರ ಲೆಕ್ಕಕ್ಕೆ. ತ್ರಿವಿಧ ಯುದ್ಧದಲ್ಲಿ ಮಾತ್ರ, ಜಗಳವಾಡಿದ ಇಬ್ಬರ ಲೆಕ್ಕಕ್ಕೆ.

ಹಾಗೆಂದು ತ್ರಿವಿಧ ಯುದ್ಧವೂ ಪರಿಪೂರ್ಣವೆಂದು ಪಂಪ ನಟಿಸುವುದಿಲ್ಲ. ಮೂರರಲ್ಲಿಯೂ ಸೋತ ಭರತ ಕೋಪದಿಂದ ಚಕ್ರವನ್ನೇ ಪ್ರಯೋಗಿಸುತ್ತಾನೆ. ಸ್ವಜನವನ್ನು ಕೊಲ್ಲದ ಚಕ್ರ ಬಾಹುಬಲಿಗೆ ಪ್ರದಕ್ಷಿಣೆ ಬಂದು ನಿಲ್ಲುತ್ತದೆ. ನಿಯಮವು ಸೇನೆಯನ್ನು ಉಳಿಸಿತು, ಅಣ್ಣನ ಮನಸ್ಸನ್ನು ಉಳಿಸಲಿಲ್ಲ. ಗೆದ್ದವನಿಗೇ ಗೆಲುವು ಹೇಸಿಗೆಯಾಗುತ್ತದೆ. ಈ ಹೇಸಿಗೆ ಕ್ಲ್ಯಾನ್ ಕಥೆಗಳಲ್ಲಿ ನನಗೆ ದೊರೆಯಲಿಲ್ಲ. ಅಲ್ಲಿ ಗೆದ್ದವನು ಮೇಲಿನ ಪದವಿಗೆ ಏರುತ್ತಾನೆ, ಬಾಹುಬಲಿ ಇದ್ದ ಪದವಿಯನ್ನೂ ಬಿಟ್ಟು ಹೊರಡುತ್ತಾನೆ. 16ನೆಯ ಶತಮಾನದ ರತ್ನಾಕರವರ್ಣಿಯಂತೂ ‘ಭರತೇಶ ವೈಭವ’ದಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಭರತನು ಮಾತಿನಲ್ಲೇ ಸೋಲನ್ನೊಪ್ಪಿ ಯುದ್ಧವನ್ನೇ ತಪ್ಪಿಸುವಂತೆ ಕಥೆಯನ್ನು ತಿರುಗಿಸಿದನು. ಸಂಪ್ರದಾಯನಿಷ್ಠರಿಗೆ ಇದು ಒಪ್ಪಿಗೆಯಾಗದಿರಬಹುದು. ಕವಿಯ ಧೈರ್ಯವನ್ನು ಮಾತ್ರ ಅಲ್ಲಗಳೆಯಲಾಗದು.

ಬಸದಿಗಳ ಆಡಳಿತ ಮಂಡಳಿಗಳು ರಜಾಕಾಲದ ಶಿಬಿರಗಳಲ್ಲಿ ಇಂಥ ಆಟಗಳನ್ನು ನಿಷೇಧಿಸಬೇಕೆಂಬ ಮಾತು ಅಲ್ಲಲ್ಲಿ ಕೇಳಿಬರುತ್ತದೆ. ನನ್ನ ಅಭಿಪ್ರಾಯ ಬೇರೆ. ಆಡುವ ಹುಡುಗರನ್ನೇ ಕರೆದು, ಆ ಕುಲಗಳ ಇಳಿಹರಾಜನ್ನೂ ಮಂತ್ರಿಗಳ ಸಲಹೆಯನ್ನೂ ಎದುರೆದುರು ಇಟ್ಟು ಚರ್ಚೆಗೆ ಬಿಡಬೇಕು. ಅದಕ್ಕೆ ತಕ್ಕ ಸ್ಥಳವೂ ಈ ಸೀಮೆಯಲ್ಲೇ ಇದೆ. ಕಮಲಾಪುರದಿಂದ ಕಂಪ್ಲಿಗೆ ಹೋಗುವ ದಾರಿಯಲ್ಲಿರುವ ಗಾಣಗಿತ್ತಿ ಬಸದಿಯನ್ನು ಶಕವರ್ಷ 1307ರಲ್ಲಿ ಕಟ್ಟಿಸಿದವನು ಎರಡನೆಯ ಹರಿಹರನ ದಂಡನಾಯಕ ಇರುಗಪ್ಪ. ಕತ್ತಿ ಹಿಡಿದ ಶ್ರಾವಕ, ‘ನಾನಾರ್ಥರತ್ನಮಾಲಾ’ ಎಂಬ ಕೋಶವನ್ನು ಬರೆದ ಪಂಡಿತ. ಆ ಸೇನಾನಿ ಅಲ್ಲಿ ಪ್ರತಿಷ್ಠಾಪಿಸಲು ಆರಿಸಿಕೊಂಡದ್ದು, ಚಕ್ರವರ್ತಿಯಾಗಿದ್ದು ಚಕ್ರವನ್ನು ತೊರೆದು ತೀರ್ಥಂಕರನಾದ ಕುಂಥುನಾಥನನ್ನು.