ಕದದ ಆಚೆ ನಡೆದ ಕೊಲೆ

ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ರುದ್ರನಾಟಕದಲ್ಲಿ ಎಲ್ಲ ಅನರ್ಥಕ್ಕೂ ಮೂಲವಾದ ಕೊಲೆಯೊಂದಿದೆಯಷ್ಟೆ. ಆ ಕೊಲೆಯನ್ನು ಪ್ರೇಕ್ಷಕನು ಕಾಣುವುದೇ ಇಲ್ಲ. ವೃದ್ಧ ಅರಸ ಡಂಕನ್ ಅತಿಥಿಯಾಗಿ ಬಂದು ಒಳಕೋಣೆಯಲ್ಲಿ ಮಲಗಿದ್ದಾನೆ. ಸೇನಾನಿ ಮ್ಯಾಕ್‌ಬೆತ್ ಒಳಗೆ ಹೋಗುತ್ತಾನೆ. ರಂಗದ ಮೇಲೆ ಉಳಿದವಳು ಅವನ ಹೆಂಡತಿಯೊಬ್ಬಳೇ. ಅವಳ ಜೊತೆಗೆ ನಾವು. ಗೂಗೆ ಕೂಗಿದ್ದು ಅವಳಿಗೆ ಕೇಳಿಸುತ್ತದೆ. ಸ್ವಲ್ಪ ಹೊತ್ತಿನಲ್ಲಿ ಗಂಡನು ಹೊರಬರುತ್ತಾನೆ, ಕೈಯೆಲ್ಲ ರಕ್ತ. ಅಷ್ಟರಲ್ಲಿ ಕೋಟೆಯ ಬಾಗಿಲನ್ನು ಯಾರೋ ದಬದಬನೆ ಬಡಿಯತೊಡಗುತ್ತಾರೆ.

ಈಚೆಗೆ ನಾಟಕವನ್ನು ಓದುವ ಮೊದಲೇ ಅದರ ಚಲಚ್ಚಿತ್ರಗಳನ್ನು ನೋಡಿ ಬರುವ ವಿದ್ಯಾರ್ಥಿಗಳು ಹೆಚ್ಚಾಗಿದ್ದಾರೆ. ಅಂಕೋಲೆಯ ನಮ್ಮ ತರಗತಿಯಲ್ಲಿ ಒಬ್ಬ ಹುಡುಗ ಎದ್ದು ನಿಂತು, “ಚಿತ್ರದಲ್ಲಿ ಕೊಲೆಯನ್ನು ಎಷ್ಟು ಚೆನ್ನಾಗಿ ತೋರಿಸಿದ್ದಾರೆ ಸರ್, ನಾಟಕದಲ್ಲಿ ಅದೇ ಇಲ್ಲವಲ್ಲ!” ಎಂದ. ಪ್ರಶ್ನೆ ಬಾಲಿಶವಾದದ್ದಲ್ಲ. ರಂಗಭೂಮಿಗೂ ಚಿತ್ರಕ್ಕೂ ಇರುವ ಭೇದವೆಲ್ಲ ಆ ಒಂದು ಕದದ ಬಳಿ ಬಂದು ನಿಂತಿದೆ.

ಸಾವನ್ನು ರಂಗದ ಮೇಲೆ ತೋರಿಸಬಾರದೆಂದು ನಮ್ಮ ಸಂಸ್ಕೃತ ಲಾಕ್ಷಣಿಕರು ವಿಧಿಸಿದ್ದುಂಟು. ಷೇಕ್ಸ್‌ಪಿಯರನಿಗೆ ಅಂಥ ಮಡಿಯೇನೂ ಇರಲಿಲ್ಲ. ಇದೇ ನಾಟಕದಲ್ಲಿ ಬ್ಯಾಂಕೋನನ್ನು ನಮ್ಮ ಕಣ್ಣೆದುರಿಗೇ ಕೊಲ್ಲಿಸುತ್ತಾನೆ, ಮ್ಯಾಕ್‌ಡಫನ ಎಳೆಯ ಮಗನನ್ನೂ ಬಿಡುವುದಿಲ್ಲ. ಇಷ್ಟು ರಕ್ತವನ್ನು ಧಾರಾಳವಾಗಿ ಚೆಲ್ಲಿದ ಕವಿಯು ಡಂಕನ್ನನೊಬ್ಬನನ್ನು ಮಾತ್ರ ಮರೆಯಲ್ಲಿಟ್ಟಿದ್ದರೆ ಅದಕ್ಕೆ ಕಾರಣ ಬೇರೆಯೇ ಇರಬೇಕು. ಬಾಗಿಲು ಬಡಿಯುವ ಆ ಸದ್ದಿನ ಮೇಲೆ ಡಿ ಕ್ವಿನ್ಸಿ ಎಂಬ ಇಂಗ್ಲಿಷ್ ಗದ್ಯಕಾರನು ೧೮೨೩ರಲ್ಲಿಯೇ ಒಂದು ಪ್ರಬಂಧ ಬರೆದಿದ್ದಾನೆ. ಕೊಲೆಗಾರರ ಲೋಕದಿಂದ ನಮ್ಮನ್ನು ಮನುಷ್ಯರ ಲೋಕಕ್ಕೆ ಮರಳಿ ಕರೆಯುವ ಸದ್ದು ಅದು ಎಂಬುದು ಅವನ ಮತ. ನಾನು ಇನ್ನೊಂದು ಮಾತು ಸೇರಿಸಬಯಸುತ್ತೇನೆ. ಕೊಲೆಯನ್ನು ಕಣ್ಣಿಂದ ನೋಡಿದವನು ಸಾಕ್ಷಿಯಾಗುತ್ತಾನೆ. ಸಾಕ್ಷಿಗೆ ಅಸಹ್ಯಪಟ್ಟು ಮುಖ ತಿರುಗಿಸುವ ಸ್ವಾತಂತ್ರ್ಯವಿದೆ. ಕದದ ಈಚೆ ನಿಂತು, ಕೆಲಸ ಮುಗಿಯಿತೇ ಎಂದು ಕಿವಿಗೊಟ್ಟವನು ಪಾಲುಗಾರನಾಗುತ್ತಾನೆ. ಆ ಹೆಂಗಸಿನೊಡನೆ ನಾವೂ ಉಸಿರು ಬಿಗಿಹಿಡಿದು ಕಾಯುತ್ತೇವೆ. ಕೆಲಸ ಕೆಡದಿರಲಿ ಎಂದು ಒಂದು ಕ್ಷಣ ಹಾರೈಸಿಯೂಬಿಡುತ್ತೇವೆ!

ಮಲಗಿದ ಡಂಕನ್ನನ ಮುಖವು ನಮಗೆ ದೊರೆಯುವುದು ಅವಳ ಒಂದೇ ಮಾತಿನಿಂದ. ನಿದ್ದೆಯಲ್ಲಿ ಅವನು ನನ್ನ ತಂದೆಯನ್ನು ಹೋಲದಿದ್ದರೆ ನಾನೇ ಮುಗಿಸುತ್ತಿದ್ದೆ ಎಂಬ ಅರ್ಥದ ಮಾತದು. ಅಲ್ಲಿಂದ ಮುಂದೆ ಡಂಕನ್ನನಿಗೆ ಪ್ರತಿಯೊಬ್ಬ ಪ್ರೇಕ್ಷಕನೂ ತನ್ನ ತಂದೆಯ ಮುಖವನ್ನೇ ಕೊಡಬೇಕಾಗುತ್ತದೆ. ನಟನೊಬ್ಬನ ಮುಖವನ್ನು ತೋರಿಸಿದೊಡನೆ ಈ ಒಪ್ಪಂದ ಮುರಿಯುತ್ತದೆ.

೧೯೭೧ರಲ್ಲಿ ಪೊಲಾನ್‌ಸ್ಕಿ ಮಾಡಿದ್ದು ಅದನ್ನೇ. ಅವನ ಚಿತ್ರದಲ್ಲಿ ಅರಸನು ಎಚ್ಚತ್ತು ಕಣ್ತೆರೆಯುತ್ತಾನೆ, ಕತ್ತಿ ಮೇಲಿಂದ ಮೇಲೆ ಇಳಿಯುತ್ತದೆ. ಎರಡು ವರ್ಷಗಳ ಹಿಂದಷ್ಟೇ ಅವನ ಹೆಂಡತಿ ಕೊಲೆಯಾಗಿದ್ದಳು; ಆ ದುಃಖವನ್ನು ನೆನೆದಾಗ ವಿಮರ್ಶಕನ ಲೇಖನಿ ತಡೆಯುತ್ತದೆ. ಆದರೂ ಹೇಳಬೇಕು: ಆ ದೃಶ್ಯ ನೋಡಿ ನಾವು ಬೆಚ್ಚುತ್ತೇವೆ, ಪಾಪದಲ್ಲಿ ಪಾಲು ಮಾತ್ರ ಬರುವುದಿಲ್ಲ. ೨೦೨೧ರ ಜೋಯೆಲ್ ಕೋಯೆನ್ನನ ಕಪ್ಪು ಬಿಳುಪಿನ ಚಿತ್ರ ಬಲು ಸಂಯಮದ್ದು. ನೆರಳು ಬೆಳಕುಗಳ ವಿನ್ಯಾಸ ಕಣ್ಣಿಗೆ ಹಬ್ಬ. ಕೊಲೆಯ ಘಳಿಗೆಯಲ್ಲಿ ಮಾತ್ರ ಅವನೂ ಕದ ತೆರೆದುಬಿಟ್ಟ.

ಕದವನ್ನು ಮುಚ್ಚಿಯೇ ಇಟ್ಟವನು ಜಪಾನಿನ ಕುರೋಸಾವಾ. ಅವನ ೧೯೫೭ರ ಚಿತ್ರದಲ್ಲಿ ಷೇಕ್ಸ್‌ಪಿಯರನ ಒಂದು ಪಂಕ್ತಿಯೂ ಇಲ್ಲ. ಹೆಸರುಗಳು ಬೇರೆ, ದೇಶ ಬೇರೆ, ಹೆಂಡತಿ ಅಸಾಜಿಯ ಮುಖವು ಅಲ್ಲಿನ ನೋಹ್ ನಾಟಕದ ಮುಖವಾಡದಂತೆ ನಿಶ್ಚಲ. ಕಾವಲಿನವರಿಗೆ ಮದ್ದು ಬೆರೆಸಿದ ಮದ್ಯ ತರಲು ಅವಳು ಕತ್ತಲೆಯ ಕೋಣೆಗೆ ಹೋಗುವಾಗ ಕೇಳಿಸುವುದು ಅವಳ ರೇಶಿಮೆಯ ಉಡುಪಿನ ಸರಸರ ಶಬ್ದವೊಂದೇ. ಗಂಡನ ಕೈಗೆ ಈಟಿ ಕೊಟ್ಟು ಕಳಿಸಿದ ಮೇಲೆ ಕ್ಯಾಮರಾ ಅವನ ಬೆನ್ನು ಹತ್ತದೆ ಅವಳ ಬಳಿಯೇ ಉಳಿಯುತ್ತದೆ. ಹಿಂದೆ ಅದೇ ಕೋಣೆಯಲ್ಲಿ ಸತ್ತ ದ್ರೋಹಿಯೊಬ್ಬನ ರಕ್ತದ ಕಲೆಯನ್ನು ಅವಳು ದಿಟ್ಟಿಸುತ್ತಾಳೆ. ಗಂಡನು ಮರಳಿ ಬಂದು ಕುಕ್ಕರಿಸುತ್ತಾನೆ, ಮುಷ್ಟಿ ಕಟ್ಟಿಹೋಗಿದೆ, ಈಟಿಯನ್ನು ಅವಳೇ ಬಿಡಿಸಿಕೊಳ್ಳಬೇಕು. ಮಾತು ಒಂದೂ ಇಲ್ಲ. ಷೇಕ್ಸ್‌ಪಿಯರನ ಪದಗಳನ್ನೆಲ್ಲ ಬಿಟ್ಟುಕೊಟ್ಟವನು ಅವನ ಕದವನ್ನು ಬಿಟ್ಟುಕೊಡಲಿಲ್ಲ. ಪದಗಳನ್ನೆಲ್ಲ ಉಳಿಸಿಕೊಂಡವರು ಕದವನ್ನು ಕಳಕೊಂಡರು. ನಮ್ಮ ಯಕ್ಷಗಾನ ನೋಡಿ ಬೆಳೆದವರಿಗೆ ಇದು ಹೊಸತಲ್ಲ. ರಕ್ಕಸ ವೇಷವು ತೆರೆಯ ಹಿಂದೆ ಕುಣಿಯುತ್ತ ಮೊದಲು ಕಿರೀಟವನ್ನಷ್ಟೇ ತೋರಿಸುವಾಗ ಮಕ್ಕಳು ಹೆದರುವಷ್ಟು, ತೆರೆ ಸರಿದ ಮೇಲೆ ಹೆದರುವುದಿಲ್ಲ.

ಹಾಗೆಂದು ಕದ ತೆರೆದವರೆಲ್ಲ ಕೆಟ್ಟರೆನ್ನಲಾರೆ. ವಿಶಾಲ್ ಭಾರದ್ವಾಜರ ‘ಮಕ್ಬೂಲ್’ (೨೦೦೩) ಕಥೆಯನ್ನು ಮುಂಬಯಿಯ ಭೂಗತಲೋಕಕ್ಕೆ ಒಯ್ದಿದೆ. ಅಲ್ಲಿ ಕೊಲೆ ಕಣ್ಣೆದುರಿಗೇ ಆಗುತ್ತದೆ, ಪಕ್ಕದಲ್ಲಿ ಮಲಗಿದ್ದ ನಿಮ್ಮಿಯ ಮುಖದ ಮೇಲೆ ರಕ್ತ ಸಿಡಿಯುತ್ತದೆ. ಆದರೆ ಸಾಯುವವನ ಹೆಸರೇನು? ಅಬ್ಬಾಜಿ. ನಾಟಕದಲ್ಲಿ ಒಂದು ಹೋಲಿಕೆಯಾಗಿದ್ದ ತಂದೆತನವನ್ನು ನಿರ್ದೇಶಕರು ಹೆಸರಾಗಿಸಿದ್ದಾರೆ. ಕೊಲ್ಲುವವನೂ ಅವನನ್ನು ಹಾಗೆಯೇ ಕರೆಯುತ್ತ ಬಂದವನು. ಮಲಯಾಳದ ‘ಜೋಜಿ’ (೨೦೨೧) ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹಡೆದ ತಂದೆಯನ್ನೇ ಮಲಗಿಸಿತು. ಮಗನು ಮಾತ್ರೆಗಳನ್ನು ಬದಲಿಸಿಡುತ್ತಾನೆ, ಅಷ್ಟೆ, ಗೂಗೆಯಿಲ್ಲ, ಕತ್ತಿಯಿಲ್ಲ. ಅತ್ತಿಗೆಗೆ ಅದು ತಿಳಿಯುತ್ತದೆ, ತಿಳಿದೂ ಸುಮ್ಮನಿರುತ್ತಾಳೆ. ಕಣ್ಣಿನ ಎದುರೇ ನಡೆದರೂ ನಮ್ಮನ್ನು ಪಾಲುಗಾರರನ್ನಾಗಿಸುವ ದಾರಿ ಚಿತ್ರಕ್ಕೂ ಉಂಟೆಂಬುದಕ್ಕೆ ಆ ಅಡುಗೆಮನೆಯ ಮೌನವೇ ಪ್ರಮಾಣ.

‘ಮಕ್ಬೂಲ್’ನಲ್ಲಿ ಇನ್ನೊಂದು ಸ್ವಾರಸ್ಯವಿದೆ, ಅದನ್ನು ಕಾರವಾರದವನಾದ ನಾನು ಬೇರೆಯವರಿಗಿಂತ ಒಂದು ತೂಕ ಹೆಚ್ಚಾಗಿ ಅನುಭವಿಸಿದೆನೋ ಏನೋ. ಮೂಲದಲ್ಲಿ ಕಾಡು ನಡೆದು ಬರುವವರೆಗೆ ನಿನಗೆ ಸೋಲಿಲ್ಲವೆಂಬ ಭವಿಷ್ಯವಾಣಿಯಿದೆಯಲ್ಲ, ಇಲ್ಲಿ ಕಾಡಿನ ಬದಲು ಕಡಲು ಮನೆಗೆ ಬರಬೇಕು. ಆಗದ ಮಾತೆಂದು ನಾಯಕನು ನಂಬುತ್ತಾನೆ. ಮಳೆಗಾಲದಲ್ಲಿ ದೇವಬಾಗದ ದಂಡೆಯನ್ನೋ ಹಾರವಾಡದ ಮನೆಗಳ ಅಂಗಳವನ್ನೋ ಕಂಡವರು ಆ ನಂಬಿಕೆಯನ್ನು ಅರೆಗಳಿಗೆಯೂ ಹಂಚಿಕೊಳ್ಳಲಾರರು. ಕಡಲು ಬರುತ್ತದೆ; ನಮಗೆ ಗೊತ್ತು. ಅವನ ಸರ್ವನಾಶವು ನಮಗೆ ಆ ಮಾತು ಬಿದ್ದ ಕ್ಷಣದಿಂದಲೇ ಆರಂಭವಾಗುತ್ತದೆ.

ಕಾಡಿನ ಮಾತೂ ಹೀಗೆಯೇ. ನಾಟಕದಲ್ಲಿ ದೂತನೊಬ್ಬ ಬಂದು, ಬೆಟ್ಟದ ಮೇಲೆ ಪಹರೆ ನಿಂತಿದ್ದಾಗ ಕಾಡು ಚಲಿಸಿದಂತೆ ಕಂಡಿತೆಂದು ಅಂಜುತ್ತ ಅರುಹುತ್ತಾನೆ. ಹಿಂದೆಲ್ಲ ಈ ಭಾಗ ಬಂದಾಗ ತರಗತಿಯಲ್ಲಿ ನಗೆ ಏಳುತ್ತಿತ್ತು. ೨೦೨೪ರ ಜುಲೈ ೧೬ರಂದು ನಮ್ಮ ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡವು ಮರಗಿಡಗಳ ಸಮೇತ ಹೆದ್ದಾರಿಯ ಮೇಲೆ ಕುಸಿದು ಗಂಗಾವಳಿಗೆ ಇಳಿಯಿತು, ಜೀವಗಳನ್ನು ಕೊಂಡೊಯ್ದಿತು. ಆಮೇಲೆ ಯಾರೂ ನಕ್ಕಿಲ್ಲ. ಮಂಜಿನಲ್ಲಿ ಮರಗಳು ತೂಗುತ್ತ ಬರುವ ಕುರೋಸಾವಾನ ದೃಶ್ಯ ಚಿತ್ರಕಲೆಯ ಒಂದು ಶಿಖರವೆಂಬುದರಲ್ಲಿ ನನಗೆ ಸಂದೇಹವಿಲ್ಲ; ಕೊಲೆಯನ್ನು ಮುಚ್ಚಿಟ್ಟು ಕಾಡನ್ನು ತೆರೆದು ತೋರಿಸಿದ್ದರಲ್ಲಿಯೇ ಅವನ ಔಚಿತ್ಯಜ್ಞಾನವಿದೆ. ಆದರೆ ನಮ್ಮ ಹುಡುಗರಿಗೆ ದೂತನ ಎರಡು ಮಾತೇ ಸಾಕಾಯಿತು.

ಕನ್ನಡಕ್ಕೆ ಈ ನಾಟಕ ಹಳೆಯ ನಂಟು. ಶ್ರೀಕಂಠೇಶಗೌಡರು ೧೮೯೫ರಲ್ಲಿ ಇದನ್ನು ‘ಪ್ರತಾಪರುದ್ರದೇವ’ ಎಂದು ರೂಪಾಂತರಿಸಿದರು, ಡಿ.ವಿ.ಜಿ.ಯವರು ಅನುವಾದಿಸಿದರು, ನಮ್ಮ ಕಾಲದಲ್ಲಿ ಎಚ್.ಎಸ್. ಶಿವಪ್ರಕಾಶರು ‘ಮಾರನಾಯಕನ ದೃಷ್ಟಾಂತ’ವನ್ನು ಬರೆದರು. ಈ ಕೊನೆಯದನ್ನು ಹುಲುಗಪ್ಪ ಕಟ್ಟೀಮನಿಯವರು ಸೆರೆಮನೆಯ ಕೈದಿಗಳಿಂದ ಆಡಿಸಿದ್ದಾರೆ. ಕೊಲೆಯ ಅಪರಾಧಕ್ಕೆ ಜೀವಾವಧಿ ಶಿಕ್ಷೆ ಅನುಭವಿಸುತ್ತಿದ್ದವರೂ ಆ ತಂಡಗಳಲ್ಲಿದ್ದರು. ಕದದ ಆಚೆ ಏನಾಗುತ್ತದೆಂಬುದನ್ನು ಬಲ್ಲವನೊಬ್ಬನು ಈಚೆ ಬಂದು, ಜನರೆದುರು ತನ್ನ ಎರಡು ಕೈಗಳನ್ನು ತಾನೇ ನೋಡಿಕೊಳ್ಳುವಾಗ ಅಲ್ಲಿ ಬಣ್ಣದ ರಕ್ತದ ಅಗತ್ಯವಾದರೂ ಏನಿದ್ದೀತು? ಮಾರನಾಯಕನನ್ನು ಬೆಳ್ಳಿತೆರೆಗೆ ತರುವ ಮನಸ್ಸು ನಮ್ಮ ನಿರ್ದೇಶಕರಲ್ಲಿ ಯಾರಿಗಾದರೂ ಇದ್ದರೆ, ನಾಯಕ ನಾಯಕಿಯರು ಯಾರೆಂದು ನಾನು ಕೇಳುವುದಿಲ್ಲ. ಆ ರಾತ್ರಿ ಕ್ಯಾಮರಾವನ್ನು ಕದದ ಯಾವ ಮಗ್ಗುಲಿಗೆ ಇಡುತ್ತೀರಿ ಎಂದಷ್ಟೇ ಕೇಳುತ್ತೇನೆ.