ಕಲ್ಲು ಎಳೆದವರ ಗೋಡೆ

ನಮ್ಮ ಕಡೆ ಊರ ಬಾಗಿಲಿಗೆ ಅಗಸಿ ಅನ್ನುತ್ತೇವೆ. ದೇವದುರ್ಗದ ಸುತ್ತಲಿನ ಹಳ್ಳಿಗಳಲ್ಲಿ ಮದುಮಗಳು ಹೊಸ ಊರಿಗೆ ಕಾಲಿಡುವುದು ಅಗಸಿಯ ಒಳಗಿಂದ. ಗಂಡಸರು ಸಂಜೆ ಕೂತು ಲೋಕದ ಮಾತಾಡುವುದು ಅಗಸಿ ಕಟ್ಟೆಯ ಮೇಲೆ. ಕಾರಹುಣ್ಣಿಮೆಯ ದಿನ ಅಲ್ಲಿ ಅಡ್ಡಲಾಗಿ ತೋರಣ ಕಟ್ಟಿ ಎತ್ತು ಓಡಿಸುತ್ತಾರೆ. ಮೊದಲು ಕರಿ ಹರಿದ ಎತ್ತಿನ ಬಣ್ಣ ನೋಡಿ ಆ ವರ್ಷ ಯಾವ ಬೆಳೆ ಕೈಹಿಡಿಯುತ್ತದೆಂದು ಹಿರಿಯರು ಹೇಳುತ್ತಾರೆ. ಬಾಗಿಲಿನ ಕೆಳಗೆ ಗೆದ್ದು ಬರುವ ಮೆರವಣಿಗೆ ಎಂದರೆ ನಮಗೆ ಇಷ್ಟೇ. ಗೆದ್ದದ್ದು ಎತ್ತು, ಸೋತು ಅತ್ತವರು ಯಾರೂ ಇಲ್ಲ.

ರೋಮ್ ನಗರದ ವಿಜಯ ಕಮಾನುಗಳ ಮಾತು ಬೇರೆ. ಟೈಟಸ್ ಎಂಬ ಸೇನಾಪತಿ ಕ್ರಿ.ಶ. 70ರಲ್ಲಿ ಜೆರೂಸಲೇಮನ್ನು ಮುತ್ತಿ ಗೆದ್ದ. ಅಲ್ಲಿನ ದೇಗುಲ ಉರಿದುಹೋಯಿತು. ಮುಂದೆ ಚಕ್ರವರ್ತಿಯಾಗಿ 81ರಲ್ಲಿ ತೀರಿಕೊಂಡ ಅವನ ನೆನಪಿಗೆ ತಮ್ಮ ಡೊಮಿಷಿಯನ್ ಕಾಲದಲ್ಲಿ ಒಂದು ಕಮಾನು ಎದ್ದಿತು. ಅದರ ಒಳಗೋಡೆಯಲ್ಲಿ ಸೈನಿಕರು ಆ ದೇಗುಲದ ಏಳು ಕವಲಿನ ದೀಪಸ್ತಂಭವನ್ನು ಹೆಗಲ ಮೇಲೆ ಹೊತ್ತು ನಡೆದಿದ್ದಾರೆ. ಶಿಲ್ಪ ಬಹಳ ಚೆನ್ನಾಗಿದೆ, ಹೊತ್ತವರ ಹೆಜ್ಜೆ ಕೇಳಿಸುವ ಹಾಗಿದೆ. ಆದರೆ ಅದು ಇನ್ನೊಬ್ಬರ ದೇವರ ಮನೆಯ ದೀಪ. ರೋಮಿನ ಯೆಹೂದಿಗಳು ಎಷ್ಟೋ ತಲೆಮಾರು ಆ ಕಮಾನಿನ ಕೆಳಗೆ ಹಾಯುತ್ತಿರಲಿಲ್ಲವಂತೆ. ಕಲೆಯ ಬಗ್ಗೆ ಬರೆದ ದೊಡ್ಡ ಗ್ರಂಥಗಳಿಗಿಂತ ಸುತ್ತಿ ಬಳಸಿ ನಡೆದ ಆ ಕಾಲುಗಳ ವಿಮರ್ಶೆಯೇ ನನಗೆ ಹೆಚ್ಚು ನೇರವಾಗಿ ತೋರುತ್ತದೆ.

315ರ ಕಾನ್‌ಸ್ಟಂಟೈನನ ಕಮಾನು ಇನ್ನೂ ದೊಡ್ಡದು. ಅದರ ಮೇಲಿನ ಅನೇಕ ಶಿಲ್ಪಗಳನ್ನು ಹಿಂದಿನ ಚಕ್ರವರ್ತಿಗಳಾದ ಟ್ರಾಜನ್, ಹೇಡ್ರಿಯನ್, ಮಾರ್ಕಸ್ ಅರೇಲಿಯಸ್ ಇವರ ಸ್ಮಾರಕಗಳಿಂದ ಕಿತ್ತು ತಂದು ಜೋಡಿಸಿದ್ದಾರೆ. ಕೆಲವು ಮುಖಗಳನ್ನು ಕೆತ್ತಿ ತಿದ್ದಿದ್ದಾರೆ. ಎರವಿನ ಒಡವೆ ಇಟ್ಟುಕೊಂಡು ಮದುವೆಗೆ ಹೋದಹಾಗೆ. ನಾವು ಹೆಂಗಸರು ಹಾಗೆ ಮಾಡಿದರೆ ಊರೆಲ್ಲ ಆಡಿಕೊಳ್ಳುತ್ತದೆ. ಚಕ್ರವರ್ತಿ ಮಾಡಿದರೆ ಇತಿಹಾಸ!

ಈ ಕಮಾನುಗಳಲ್ಲಿ ಹೆಣ್ಣು ಎಲ್ಲಿದ್ದಾಳೆ ಎಂದು ಹುಡುಕಿದೆ. ಕಮಾನಿನ ಎರಡು ಮೂಲೆಗಳಲ್ಲಿ ರೆಕ್ಕೆ ಬಿಚ್ಚಿ ಹಾರುತ್ತಿದ್ದಾಳೆ, ಅವಳು ವಿಜಯದೇವತೆ. ಇನ್ನು 113ರಲ್ಲಿ ನಿಲ್ಲಿಸಿದ ಟ್ರಾಜನ್ ಸ್ತಂಭದಲ್ಲಿ, ಈಗಿನ ರುಮೇನಿಯಾದ ಕಡೆ ನಡೆದ ಯುದ್ಧದ ಕಥೆಯ ನಡುವೆ, ಮಕ್ಕಳನ್ನು ಕಟ್ಟಿಕೊಂಡು ಮನೆಮಾರು ಬಿಟ್ಟವಳಾಗಿ ಬರುತ್ತಾಳೆ. ದೇವತೆ ಇಲ್ಲವೇ ಸೆರೆಯಾಳು. ನಡುವಿನ ಬದುಕು, ಅಂದರೆ ನಮ್ಮ ನಿಮ್ಮ ಬದುಕು, ಅಲ್ಲಿ ಕಾಣುವುದೇ ಅಪರೂಪ. ಅದೇ ಸ್ತಂಭದಲ್ಲಿ ಸೈನಿಕರು ಮರ ಕಡಿಯುವುದು, ಕೋಟೆ ಕಟ್ಟುವುದು ಸಾಕಷ್ಟಿದೆ ಎಂಬುದನ್ನೂ ಹೇಳಬೇಕು. ದುಡಿತವನ್ನು ರೋಮಿನವರು ಮರೆಮಾಚಲಿಲ್ಲ. ಆದರೆ ಮತ್ತೆ ಮತ್ತೆ ಕಣ್ಣು ಹೋಗಿ ನಿಲ್ಲುವುದು ಚಕ್ರವರ್ತಿಯ ಮೇಲೆಯೇ.

ಹಂಪಿಯ ಮಹಾನವಮಿ ದಿಬ್ಬವೂ ಒಂದು ವಿಜಯದ ಸ್ಮಾರಕವೇ. ಕೃಷ್ಣದೇವರಾಯನ ಕಾಲಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಪೇಸ್ ಅದನ್ನು ವಿಜಯದ ಮನೆ ಎಂದು ಕರೆದ, ಒಡಿಶಾದ ಯುದ್ಧದಿಂದ ಬಂದ ರಾಜ ಕಟ್ಟಿಸಿದ್ದೆಂದು ಬರೆದ. ಅದರ ಪಟ್ಟಿಕೆಗಳಲ್ಲಿ ಆನೆ, ಕುದುರೆ, ಬೇಟೆಗಳ ಜೊತೆ ಕುಣಿಯುವ ಹೆಂಗಸರಿದ್ದಾರೆ. ಬಿಲ್ಲು ಹಿಡಿದು ಬೇಟೆಗೆ ಹೊರಟವರೂ ಇದ್ದಾರೆ. ಇಲ್ಲಿ ಹೆಣ್ಣಿಗೆ ಕೊಂಚ ಉಸಿರಾಡಲು ಜಾಗ ಸಿಕ್ಕಿದೆ.

ಆದರೂ ನನ್ನ ಮನಸ್ಸು ನಿಲ್ಲುವುದು ನಮ್ಮ ರಾಯಚೂರಿನ ಕೋಟೆಯಲ್ಲಿ. ಪಡುವಣ ಗೋಡೆಯಲ್ಲಿ 41 ಅಡಿಗೂ ಮೀರಿದ ಒಂದೇ ಕಲ್ಲು ಕೂತಿದೆ. ಕಾಕತೀಯರ ಕಡೆಯ ಗೋರೆ ಗಂಗಯ್ಯ ರೆಡ್ಡಿಗಾಗಿ ವಿಠ್ಠಲನೆಂಬವನು 1294ರಲ್ಲಿ ಕೋಟೆ ಕಟ್ಟಿಸಿದ ಸಂಗತಿ ಅದರ ಮೇಲೆ ತೆಲುಗಿನಲ್ಲಿದೆ. ಅದೇ ಗೋಡೆಯಲ್ಲಿ ಒಂದು ಚಿತ್ರವಿದೆ: ಆ ಕಲ್ಲನ್ನು ಬಂಡಿಯ ಮೇಲಿಟ್ಟು ಕೋಣಗಳ ಉದ್ದನೆಯ ಸಾಲು ಎಳೆಯುತ್ತಿದೆ, ಜನ ಅವನ್ನು ಹುರಿದುಂಬಿಸುತ್ತಿದ್ದಾರೆ, ಹಿಂದಿನವರು ಗಾಲಿಗೆ ಸನಿಕೆ ಹಾಕಿ ನೂಕುತ್ತಿದ್ದಾರೆ. ಕಲ್ಲು ಬಂದ ದಾರಿಯನ್ನು ಕಲ್ಲಿನ ಪಕ್ಕದಲ್ಲೇ ಕೆತ್ತಿಸಬೇಕೆಂದು ಯಾರಿಗೋ ಹೊಳೆಯಿತಲ್ಲ! ಟೈಟಸನ ಸೈನಿಕರು ಹೊತ್ತದ್ದು ಸೂರೆಯ ಮಾಲು. ಇವರು ಎಳೆದದ್ದು ಊರಿನ ಗೋಡೆ.

ಆ ಗೋಡೆಯೂ ಉಳಿಯಲು ಬಿಡಲಿಲ್ಲ. 1520ರಲ್ಲಿ ಕೃಷ್ಣದೇವರಾಯ ರಾಯಚೂರಿಗೆ ಮುತ್ತಿಗೆ ಹಾಕಿದಾಗ ಗೋಡೆ ಕೆಡವಲು ಹೋದವರಿಗೆ ಕಿತ್ತ ಕಲ್ಲಿನ ಗಾತ್ರ ನೋಡಿ ಹಣ ಎಣಿಸಿ ಕೊಡುತ್ತಿದ್ದರೆಂದು ನೂನಿಜ್ ಬರೆದಿದ್ದಾನೆ. ಏರಿಸಿದವರೂ ಬಡವರು, ಜೀವದ ಹಂಗು ತೊರೆದು ಇಳಿಸಿದವರೂ ಬಡವರು. ವಿಜಯದ ನೆನಪಿಗೆ ಕೋಟೆಯ ಉತ್ತರದ ಬಾಗಿಲನ್ನು ರಾಯನು ಬೆಳೆಸಿದನೆನ್ನುತ್ತಾರೆ. 1565ರ ನಂತರ ಕೋಟೆ ಮತ್ತೆ ಬಿಜಾಪುರದವರ ಪಾಲಾಯಿತು. ಗೆಲುವಿನ ಆಯುಸ್ಸು ಅರ್ಧ ಶತಮಾನವೂ ಇಲ್ಲ. ಬಂಡಿಯ ಚಿತ್ರಕ್ಕೆ ಮಾತ್ರ ಏಳು ನೂರು ವರ್ಷ ದಾಟಿದೆ.

ಇದೇ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನ ಅಶೋಕನ ಹೆಸರನ್ನೇ ಹೇಳಿ ಪ್ರಸಿದ್ಧವಾಯಿತು. ಕಮಾನಿಲ್ಲ, ರಥವಿಲ್ಲ, ಒರಟು ಬಂಡೆ. ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಮೇಲಿನ ಪದವಿ ಎಟುಕುತ್ತದೆಂಬ ಮಾತು ಅದರಲ್ಲಿದೆ. ಚಕ್ರವರ್ತಿಯೊಬ್ಬ ತನ್ನ ಹೆಸರಿನೊಡನೆ ಸಣ್ಣವರನ್ನು ನೆನೆದನಲ್ಲ, ಅದು ನಮ್ಮ ಜಿಲ್ಲೆಯ ಭಾಗ್ಯ.

ಇಂದು ನಮ್ಮ ಊರುಗಳಲ್ಲಿ ಸ್ವಾಗತ ಕಮಾನುಗಳು ಏಳುತ್ತವೆ, ಅಡಿಗಲ್ಲು ಬೀಳುತ್ತವೆ. ನುಣ್ಣಗಿನ ಕಪ್ಪು ಕಲ್ಲಿನ ಮೇಲೆ ಶಂಕುಸ್ಥಾಪನೆ ಮಾಡಿದವರು, ಅಧ್ಯಕ್ಷತೆ ವಹಿಸಿದವರು, ಘನ ಉಪಸ್ಥಿತರು ಎಲ್ಲರ ಹೆಸರೂ ಇರುತ್ತದೆ. ಕಾಂಕ್ರೀಟಿನ ಬುಟ್ಟಿ ಹೊತ್ತವಳದು ಇರುವುದಿಲ್ಲ. ದೇವದುರ್ಗ, ಮಾನ್ವಿ ಕಡೆಯಿಂದ ಮಳೆ ಕೈಕೊಟ್ಟ ವರ್ಷ ಜನ ಗುಳೆ ಹೋಗುತ್ತಾರೆ. ಬೆಂಗಳೂರಿನ ಮಹಡಿಗಳ ಕೆಳಗೆ ತಗಡಿನ ಶೆಡ್ಡಿನಲ್ಲಿ ರೊಟ್ಟಿ ಬಡಿದು, ಕೂಸನ್ನು ಸೀರೆಯ ಜೋಳಿಗೆಯಲ್ಲಿ ಮಲಗಿಸಿ, ಮರಳು ಹೊರುವ ನಮ್ಮ ಅಕ್ಕತಂಗಿಯರು ಆ ಕಟ್ಟಡ ಮುಗಿದ ದಿನ ಅದರ ಬಾಗಿಲೊಳಗೆ ಕಾಲಿಡಲಾರರು. ಕಾವಲುಗಾರ ಬಿಡುವುದಿಲ್ಲ. ಏಳು ನೂರು ವರ್ಷದ ಹಿಂದಿನ ಕೋಟೆಗೆ ಇದ್ದಷ್ಟು ಕೃತಜ್ಞತೆ ಇಂದಿನ ಕಟ್ಟಡಗಳಿಗೆ ಇಲ್ಲವೆಂದರೆ ನಾವು ಮುಂದುವರಿದದ್ದು ಎಲ್ಲಿಗೆ?

ರಜೆಯಲ್ಲಿ ಮಕ್ಕಳನ್ನು ರಾಯಚೂರಿಗೆ ಕರೆದೊಯ್ದರೆ ಕೋಟೆ ಯಾರು ಕಟ್ಟಿಸಿದರೆಂದು ಹೇಳಿಕೊಡಿ, ಪರೀಕ್ಷೆಗೆ ಬೇಕಾದೀತು. ಆಮೇಲೆ ಆ ಬಂಡಿಯ ಚಿತ್ರದ ಮುಂದೆ ನಿಲ್ಲಿಸಿ ಕಟ್ಟಿದವರನ್ನೂ ತೋರಿಸಿ. ಆ ಕೋಣಗಳ ಮೈ ತೊಳೆದು ಮೇವು ಹಾಕಿದವರು, ಗಾಲಿ ನೂಕಿದವರಿಗೆ ಬುತ್ತಿ ಕಟ್ಟಿ ತಂದವರು ಯಾರಿದ್ದಾರೆಂದು ಮಕ್ಕಳೇ ಕೇಳಲಿ.